ನ್ಯಾನೋ ಜಿಯೋಲೈಟ್ ಕೈಕೊಟ್ಟಾಗ: ತಪ್ಪು ಯಾವ ಹಂತದಲ್ಲಿದೆ ಅಂತ ಹಿಡಿಯುವ ಬಗೆ

ಒಮ್ಮೆ ನಾನು ಹದಿನೈದು ದಿನ ಬರೀ ರೆಸಿಪಿ ತಿದ್ದುತ್ತಾ ಕಳೆದೆ. ಮಾಡುತ್ತಿದ್ದದ್ದು ಸಿಲಿಕಲೈಟ್-1, ಬರೀ ಸಿಲಿಕಾದಿಂದಾದ ಒಂದು ಜಿಯೋಲೈಟ್, ಅಂದರೆ ಅಣು ಗಾತ್ರದ ರಂಧ್ರಗಳಿರುವ ಹರಳು. ಬೇಕಿದ್ದದ್ದು 100 ನ್ಯಾನೋಮೀಟರ್‌ಗಿಂತ ಚಿಕ್ಕ ಕಣ. ಎಸ್‌ಇಎಂ ಅನ್ನುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಮೈಕ್ರಾನ್ ಗಾತ್ರದ ಗಟ್ಟಿ ಉಂಡೆಗಳು. ಟೆಂಪ್ಲೇಟ್ (ಹರಳು ತನ್ನ ಸುತ್ತ ಕಟ್ಟಿಕೊಳ್ಳುವ ಸಾವಯವ ಅಚ್ಚು) ಜಾಸ್ತಿ ಮಾಡಿದೆ. ನೀರು ಕಡಿಮೆ ಮಾಡಿದೆ. ಓವನ್ ಕಾವು ಇಳಿಸಿದೆ. ಉಂಡೆಗಳು ಮಾತ್ರ ಕದಲಲಿಲ್ಲ. ಕೊನೆಗೆ ಬೇಸತ್ತು, ತೊಳೆಯದೆ ಮೂಲೆಯಲ್ಲಿ ಬಿಟ್ಟಿದ್ದ ಮೊದಲ ಬ್ಯಾಚಿನ ಬಾಟಲಿಯಿಂದ ಒಂದು ಹನಿ ತೆಗೆದು ಚೆದರಿದ ಬೆಳಕಿನಿಂದ ಕಣದ ಗಾತ್ರ ಅಳೆಯುವ ಡಿಎಲ್‌ಎಸ್ ಯಂತ್ರಕ್ಕೆ ಇಟ್ಟೆ. 85 ನ್ಯಾನೋಮೀಟರ್ ಅಂತ ಬಂತು. ಕಣ ಮೊದಲಿನಿಂದಲೂ ಸರಿಯಾಗೇ ಹುಟ್ಟುತ್ತಿತ್ತು. ಒಣಗಿಸುವ ಓವನ್‌ನಲ್ಲಿ ಅದನ್ನು ಕಲ್ಲು ಮಾಡುತ್ತಿದ್ದವನು ನಾನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಗಿತ್ತು ನನ್ನ ಕಥೆ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪ್ರತಿ ಬ್ಯಾಚಿಗೂ ನಾಲ್ಕು ಚಿಕ್ಕ ಶೀಷೆ ಎತ್ತಿಡುತ್ತೇನೆ. ಕಲಸಿ ಮುಗಿದಾಗ ಒಂದು, ಓವನ್‌ನಿಂದ ತೆಗೆದಾಗ ಒಂದು, ಕೊನೆಯ ತೊಳೆತದ ನಂತರ ಒಂದು, ಒಣಗಿಸಿ ಸುಟ್ಟ ಮೇಲೆ ಒಂದು ಚಿಟಿಕೆ ಪುಡಿ. ಒಂದೊಂದರಲ್ಲೂ 5 ಮಿಲಿಲೀಟರ್ ಇದ್ದರೆ ಸಾಕು. ಏನಾದರೂ ಕೆಟ್ಟಾಗ ಕೊನೆಯ ಶೀಷೆಯಿಂದ ಹಿಂದಕ್ಕೆ ಬನ್ನಿ. ಯಾವ ಶೀಷೆಯಲ್ಲಿ ಕಣ ಇನ್ನೂ ಚೆನ್ನಾಗಿದೆಯೋ, ತಪ್ಪು ಅದರ ಮುಂದಿನ ಹಂತದಲ್ಲಿದೆ. ಈ ಕೆಲಸ ಮಾಡದೆ ರೆಸಿಪಿ ಮುಟ್ಟಬೇಡಿ.

ಯಂತ್ರಕ್ಕೆ ಮೊದಲು ಕಣ್ಣು

ಬಾಟಲಿಯ ಹಿಂದೆ ಕಪ್ಪು ಕಾಗದ ಹಿಡಿದು ಪಕ್ಕದಿಂದ ಬೆಳಕು ಬಿಡಿ. ಚಿಕ್ಕ ಕಣಗಳಿದ್ದರೆ ದ್ರಾವಣ ತೆಳು ನೀಲಿಯಾಗಿ ಹೊಳೆಯುತ್ತದೆ. ಅದೇ ಬಾಟಲಿಯನ್ನು ಬಲ್ಬಿನ ಮುಂದೆ ಹಿಡಿದು ಅದರ ಮೂಲಕ ನೋಡಿದರೆ ಹಳದಿ, ಕೆಲವೊಮ್ಮೆ ಕಿತ್ತಳೆ. ನೀಲಿ ಬೆಳಕು ಪಕ್ಕಕ್ಕೆ ಚೆದರಿ ಹೋಗುತ್ತದೆ, ಉಳಿದದ್ದು ನಮ್ಮ ಕಣ್ಣಿಗೆ ಬರುತ್ತದೆ, ಅಷ್ಟೇ. ಸುಣ್ಣದ ನೀರಿನ ಹಾಗೆ ಬೆಳ್ಳಗಿದ್ದು, ಅರ್ಧ ಗಂಟೆಯಲ್ಲಿ ತಳಕ್ಕೆ ಬಗ್ಗಡ ಕೂತರೆ ಕಣ ದೊಡ್ಡದು, ಇಲ್ಲವೇ ಒಂದಕ್ಕೊಂದು ಅಂಟಿವೆ. ಈ ಪರೀಕ್ಷೆಗೆ ಒಂದು ನಿಮಿಷ ಸಾಕು. ನಾನು ಆ ಹದಿನೈದು ದಿನದಲ್ಲಿ ಒಮ್ಮೆಯೂ ಮಾಡಿರಲಿಲ್ಲ.

ದಿನಗಳಾದರೂ ಬಾಟಲಿ ತಿಳಿಯಾಗೇ ಇದೆ

ಸಿಲಿಕಲೈಟ್-1ಕ್ಕೆ ಬಹಳ ಜನ ಬಳಸುವ ಮೋಲ್ ಅನುಪಾತ ಇದು: 9 ಟಿಪಿಎಓಎಚ್, 25 ಸಿಲಿಕಾ, 480 ನೀರು, 100 ಎಥನಾಲ್. ಟಿಪಿಎಓಎಚ್ ಅಂದರೆ ಟೆಂಪ್ಲೇಟ್ ಆಗಿ ಹಾಕುವ ಕ್ಷಾರ, ಟೆಟ್ರಾಪ್ರೊಪೈಲ್ ಅಮೋನಿಯಂ ಹೈಡ್ರಾಕ್ಸೈಡ್. ಈ ಎಥನಾಲನ್ನು ನಾವು ಸುರಿಯುವುದಿಲ್ಲ. ಸಿಲಿಕಾಕ್ಕಾಗಿ ಹಾಕುವ ಟಿಇಓಎಸ್‌ನ (ಟೆಟ್ರಾಈಥೈಲ್ ಆರ್ಥೋಸಿಲಿಕೇಟ್) ಒಂದೊಂದು ಅಣು ಒಡೆದಾಗ ನಾಲ್ಕು ಎಥನಾಲ್ ಹೊರಬೀಳುತ್ತದೆ. 25 ನಾಲ್ಕಲೆ 100. ಇದು ಗೊತ್ತಿಲ್ಲದೆ ಎಥನಾಲ್ ಬೇರೆ ಹಾಕಿದವರನ್ನು ನೋಡಿದ್ದೇನೆ.

ಹಾಗಾದರೆ ಯಾಕೆ ಹರಳು ಕಟ್ಟಲಿಲ್ಲ? ಮೊದಲು ಮೇಲ್ಮೈ ನೋಡಿ. ಎಣ್ಣೆಯ ಹಾಗೆ ತೆಳು ಪದರ ತೇಲುತ್ತಿದ್ದರೆ ಟಿಇಓಎಸ್ ಪೂರ್ತಿ ಒಡೆದಿಲ್ಲ. ಕೋಣೆಯ ಉಷ್ಣತೆಯಲ್ಲಿ 24 ಗಂಟೆ ಚೆನ್ನಾಗಿ ಕಲಕಬೇಕು. ಕಲಕುವ ಕಡ್ಡಿ ತಳದಲ್ಲಿ ಸುಮ್ನೆ ನಡುಗುತ್ತಿದ್ದರೆ ಅದನ್ನು ಕಲಕಿದ್ದು ಅನ್ನುವುದಿಲ್ಲ.

ಎರಡನೆಯದು ಓವನ್. ಅದರ ಡಿಸ್‌ಪ್ಲೇ ತೋರಿಸುವುದು ಅದರ ಸೆನ್ಸರ್ ಇರುವ ಜಾಗದ ಗಾಳಿಯ ಉಷ್ಣತೆ. ನಿಮ್ಮ ಬಾಟಲಿಯ ಒಳಗಿನದಲ್ಲ. ಅಷ್ಟೇ ನೀರು ತುಂಬಿದ ಇನ್ನೊಂದು ಬಾಟಲಿ ಪಕ್ಕದಲ್ಲಿಟ್ಟು, ಅದರಲ್ಲಿ ಥರ್ಮೋಕಪಲ್ ಇಳಿಬಿಡಿ. 100 ಡಿಗ್ರಿಯಲ್ಲಿ ಒಂದೆರಡು ದಿನದಲ್ಲಿ ಆಗುವ ಕೆಲಸ 60 ಡಿಗ್ರಿಯಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಐದಾರು ಡಿಗ್ರಿ ಕಮ್ಮಿಯಾದರೂ ಲೆಕ್ಕ ತಪ್ಪುತ್ತದೆ. ಬಾಟಲಿಯನ್ನು ಓವನ್‌ಗೆ ಇಡುವ ಮುಂಚೆ ಮತ್ತು ತೆಗೆದ ಮೇಲೆ ತೂಗುವುದೂ ಒಳ್ಳೆಯದು. ತೂಕ ಇಳಿದಿದ್ದರೆ ಮುಚ್ಚಳ ಸೋರಿದೆ, ಎಥನಾಲ್ ಮತ್ತು ನೀರು ಹಾರಿಹೋಗಿವೆ. ಆಗ ನೀವು ಬರೆದಿಟ್ಟ ಅನುಪಾತಕ್ಕೆ ಬೆಲೆಯಿಲ್ಲ.

ಮೂರನೆಯದು ಟಿಪಿಎಓಎಚ್ ದ್ರಾವಣ. ಮುಚ್ಚಳ ತೆಗೆದು ಹಾಕಿ ಮಾಡುತ್ತಾ ಹೋದಂತೆ ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗುತ್ತದೆ. ಲೇಬಲ್ ಮೇಲೆ 20 ಶೇಕಡಾ ಅಂತಲೇ ಇರುತ್ತದೆ, ಒಳಗಿನ ಕ್ಷಾರ ಕಡಿಮೆಯಾಗಿರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಒಮ್ಮೆ ಟೈಟ್ರೇಟ್ ಮಾಡಿ ನೋಡಿ. ಗಾಜಿನ ಬಾಟಲಿಯಲ್ಲಿ ಇಟ್ಟಿದ್ದರೆ ಇನ್ನೊಂದು ತೊಂದರೆ. ಅಷ್ಟು ಕ್ಷಾರ ಗಾಜನ್ನೇ ಕರಗಿಸುತ್ತದೆ, ಸೋಡಿಯಂ ಬೋರಾನ್ ಎಲ್ಲ ಒಳಗೆ ಬರುತ್ತವೆ. ಪಾಲಿಪ್ರೊಪಿಲೀನ್ ಬಾಟಲಿಯೇ ಸರಿ. ಅದು ಚರ್ಮ ಸುಡುವ ವಸ್ತು, ಕೈಗವಸು ಕನ್ನಡಕ ಇಲ್ಲದೆ ಮುಟ್ಟಬೇಡಿ.

ಎಕ್ಸ್‌ಆರ್‌ಡಿಯಲ್ಲಿ ಗುಡ್ಡ ಎದ್ದಿದೆ

ಪುಡಿಯಿಂದ ಎಕ್ಸ್-ಕಿರಣ ಯಾವ ಕೋನಕ್ಕೆ ತಿರುಗುತ್ತದೆ ಅಂತ ನೋಡುವುದು ಎಕ್ಸ್‌ಆರ್‌ಡಿ. ಅದರಲ್ಲಿ 20ರಿಂದ 30 ಡಿಗ್ರಿ ನಡುವೆ ಅಗಲವಾದ ಗುಡ್ಡ ಕಂಡಾಗ ಎಲ್ಲರೂ ಹೇಳುವ ಸಮಾಧಾನ ಒಂದೇ: "ಕಣ ನ್ಯಾನೋ ಅಲ್ವಾ, ಅದಕ್ಕೇ ಪೀಕ್ ಅಗಲ." ಈ ಮಾತನ್ನು ನಂಬುವ ಮೊದಲು ಲೆಕ್ಕ ಹಾಕಿ. ತಾಮ್ರದ ಕೆ-ಆಲ್ಫಾ ಕಿರಣಕ್ಕೆ ತರಂಗಾಂತರ 0.154 ನ್ಯಾನೋಮೀಟರ್. ಪೀಕಿನ ಅಗಲವನ್ನು ಹರಳಿನ ಗಾತ್ರಕ್ಕೆ ಜೋಡಿಸುವ ಶೆರರ್ ಸೂತ್ರದಲ್ಲಿ ಸ್ಥಿರಾಂಕ 0.9 ಹಾಕಿದರೆ, 50 ನ್ಯಾನೋಮೀಟರ್ ಹರಳಿಗೆ 8 ಡಿಗ್ರಿಯ ಹತ್ತಿರ ಪೀಕಿನ ಅಗಲ ಸುಮಾರು 0.16 ಡಿಗ್ರಿ. 10 ನ್ಯಾನೋಮೀಟರ್‌ಗೆ ಇಳಿದರೂ 0.8 ಡಿಗ್ರಿ. ಹತ್ತು ಡಿಗ್ರಿ ಅಗಲದ ಗುಡ್ಡ ಇದರಿಂದ ಬರಲು ಸಾಧ್ಯವಿಲ್ಲ. ಗುಡ್ಡ ಇದ್ದರೆ ಅಲ್ಲಿ ಹರಳಾಗದ ಸಿಲಿಕಾ ಇದೆ ಅಂತಲೇ ಅರ್ಥ. ಎಷ್ಟಿದೆ ಅನ್ನುವುದಷ್ಟೇ ಪ್ರಶ್ನೆ.

ಅದಕ್ಕೆ ಎರಡು ಸುಲಭ ಸಾಕ್ಷಿಗಳಿವೆ. ಒಂದು ಐಆರ್, ಅಂದರೆ ಇನ್‌ಫ್ರಾರೆಡ್ ಬೆಳಕಿನ ಪರೀಕ್ಷೆ. ಎಂಎಫ್‌ಐ, ಅಂದರೆ ಸಿಲಿಕಲೈಟ್-1ರ ರಚನೆಯಲ್ಲಿ, ಐದರ ಜೋಡಿ ಉಂಗುರಗಳು ಪ್ರತಿ ಸೆಂಟಿಮೀಟರಿಗೆ 550ರ ಸುತ್ತ ಒಂದು ಪಟ್ಟಿ ಕೊಡುತ್ತವೆ. ಬರೀ ಸಿಲಿಕಾದಲ್ಲಿ ಅದು ಇರುವುದಿಲ್ಲ. 450ರ ಪಟ್ಟಿ ಎರಡರಲ್ಲೂ ಇರುತ್ತದೆ. ಚೆನ್ನಾಗಿ ಹರಳಾದ ಮಾದರಿಯಲ್ಲಿ 550ರ ಎತ್ತರವನ್ನು 450ರ ಎತ್ತರದಿಂದ ಭಾಗಿಸಿದರೆ 0.7 ರಿಂದ 0.8ರ ಆಸುಪಾಸು ಬರುತ್ತದೆ. ಇನ್ನೊಂದು ಟಿಜಿಎ, ಬಿಸಿ ಮಾಡುತ್ತಾ ತೂಕ ಇಳಿಯುವುದನ್ನು ನೋಡುವುದು. 96 ಸಿಲಿಕಾನ್ ಇರುವ ಒಂದು ಯೂನಿಟ್ ಸೆಲ್‌ನಲ್ಲಿ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಘಟಕ) ನಾಲ್ಕು ಟಿಪಿಎ ಕೂರುತ್ತದೆ. ಅದರ ತೂಕ 11ರಿಂದ 12 ಶೇಕಡಾ. ನೀರು ಹೋದ ಮೇಲೆ ಟೆಂಪ್ಲೇಟ್ ಸುಡುವಾಗ ನಿಮಗೆ 6 ಶೇಕಡಾ ಮಾತ್ರ ಇಳಿದರೆ, ಅರ್ಧದಷ್ಟು ಪುಡಿ ಇನ್ನೂ ಹರಳಾಗಿಲ್ಲ ಅಂತ ಶಂಕಿಸಬಹುದು.

ಇದಕ್ಕೆ ಪರಿಹಾರ ಓವನ್‌ನಲ್ಲಿ ಇನ್ನಷ್ಟು ಹೊತ್ತು ಇಡುವುದು. ಕಾವು ಏರಿಸಬೇಡಿ, ಕಣ ದೊಡ್ಡದಾಗುತ್ತದೆ.

ಒಂದು ಅನಗತ್ಯ ಗಾಬರಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಸುಡದ ಸಿಲಿಕಲೈಟ್‌ನಲ್ಲಿ 7.9 ಮತ್ತು 8.8 ಡಿಗ್ರಿಯ ಪೀಕುಗಳು 23.1ರ ಗುಂಪಿಗಿಂತ ಬಡಕಲಾಗಿ ಕಾಣುತ್ತವೆ. ರಂಧ್ರಗಳಲ್ಲಿ ಟೆಂಪ್ಲೇಟ್ ತುಂಬಿರುವುದೇ ಕಾರಣ. ಸುಟ್ಟ ಮೇಲೆ ಅವು ಎತ್ತರಕ್ಕೆ ಏಳುತ್ತವೆ. ಇದು ದೋಷವಲ್ಲ.

ಬೇರೆಯದೇ ಜಿಯೋಲೈಟ್ ಬಂದಿದೆ

ಅಲ್ಯೂಮಿನಿಯಂ ಇರುವ ಜಿಯೋಲೈಟ್‌ಗಳಲ್ಲಿ ಇದು ಜಾಸ್ತಿ. ಫೋಜಸೈಟ್ ಬೇಕಿತ್ತು, 6.2 ಡಿಗ್ರಿಯ ಪೀಕ್ ಇರಬೇಕಿತ್ತು. ಬದಲಿಗೆ 12.5 ಮತ್ತು 28.1 ಕಂಡರೆ ಜಿಯೋಲೈಟ್ ಪಿ. 14.1 ಮತ್ತು 24.5 ಕಂಡರೆ ಸೋಡಲೈಟ್. 15.8 ಮತ್ತು 26 ಕಂಡರೆ ಅನಾಲ್ಸೈಮ್. ಇವೆಲ್ಲ ಹೆಚ್ಚು ಬಿಗಿಯಾದ, ಹೆಚ್ಚು ಸ್ಥಿರವಾದ ರಚನೆಗಳು. ನಮಗೆ ಬೇಕಾದ ತೆರೆದ ರಚನೆ ದಾರಿಯ ನಡುವಿನ ನಿಲ್ದಾಣ. ಸರಿಯಾದ ಹೊತ್ತಿಗೆ ಇಳಿಯದಿದ್ದರೆ ಬಸ್ಸು ಮುಂದಕ್ಕೆ ಹೋಗಿಬಿಡುತ್ತದೆ.

ಫ್ರಾನ್ಸಿನ ಕಾಂ ನಗರದಲ್ಲಿ ಸ್ವೆಟ್ಲಾನಾ ಮಿಂಟೋವಾ, ವ್ಯಾಲೆಂಟಿನ್ ವಾಲ್ಚೆವ್ ಅವರ ತಂಡ 2012ರಲ್ಲಿ ಟೆಂಪ್ಲೇಟ್ ಇಲ್ಲದೆ, ಸುಮಾರು 30 ಡಿಗ್ರಿಯಲ್ಲೇ, 6ರಿಂದ 15 ನ್ಯಾನೋಮೀಟರ್‌ನ ಇಎಂಟಿ ಜಿಯೋಲೈಟ್ ಹಿಡಿದದ್ದು ಇದೇ ತಿಳುವಳಿಕೆಯಿಂದ. ಆ ರಚನೆ ಎಷ್ಟು ಅಸ್ಥಿರ ಅಂದರೆ ಕಾವು ಅಥವಾ ಹೊತ್ತು ಹೆಚ್ಚಾದರೆ ಸೋಡಲೈಟ್ ಕಡೆಗೆ ಜಾರುತ್ತದೆ. ಹಾಗಾಗಿ ಒಂದೇ ಬ್ಯಾಚನ್ನು ಆರೇಳು ಚಿಕ್ಕ ಬಾಟಲಿಗೆ ಹಂಚಿ, ಬೇರೆ ಬೇರೆ ಹೊತ್ತಿಗೆ ತೆಗೆದು ನೋಡಿ. ಮೊದಲು ಸರಿಯಾದ ಪೀಕ್ ಬಂದು ಆಮೇಲೆ ಹಾಳಾಗಿದ್ದರೆ ಹೊತ್ತು ಜಾಸ್ತಿಯಾಗಿದೆ. ಮೊದಲ ಬಾಟಲಿಯಿಂದಲೇ ತಪ್ಪು ಪೀಕ್ ಇದ್ದರೆ ಕಲಸುವಾಗಲೇ ಎಡವಟ್ಟಾಗಿದೆ. ಸಾಮಾನ್ಯವಾಗಿ ಸಿಲಿಕೇಟ್ ಮತ್ತು ಅಲ್ಯೂಮಿನೇಟ್ ಸೇರಿಸುವಾಗ ಗಂಟು ಕಟ್ಟಿರುತ್ತದೆ. ಗಂಟಿನ ಒಳಗೊಂದು ಅನುಪಾತ, ಹೊರಗೊಂದು ಅನುಪಾತ. ಎರಡನ್ನೂ ಮಂಜುಗಡ್ಡೆಯಲ್ಲಿಟ್ಟು ತಣ್ಣಗೆ ಮಾಡಿ, ಜೋರಾಗಿ ಕಲಕುತ್ತಾ ಹನಿಹನಿಯಾಗಿ ಸೇರಿಸಿ. ಸೋಡಿಯಂ ಅಲ್ಯೂಮಿನೇಟ್ ಪುಡಿಯನ್ನೂ ಅನುಮಾನಿಸಿ. ಅದು ತೇವ ಹೀರುತ್ತದೆ, ಡಬ್ಬಿಯಿಂದ ಡಬ್ಬಿಗೆ ಅದರ ಸೋಡಿಯಂ ಪ್ರಮಾಣ ಬೇರೆ.

ಒಂದೊಂದು ಯಂತ್ರ ಒಂದೊಂದು ಗಾತ್ರ ಹೇಳುತ್ತದೆ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಶೆರರ್ 40 ಅನ್ನುತ್ತದೆ, ಟಿಇಎಂ (ಕಣದ ಮೂಲಕ ಎಲೆಕ್ಟ್ರಾನ್ ಹಾಯಿಸಿ ನೋಡುವ ಸೂಕ್ಷ್ಮದರ್ಶಕ) 60, ಡಿಎಲ್‌ಎಸ್ 140. ಯಾವುದೂ ಸುಳ್ಳು ಹೇಳುತ್ತಿಲ್ಲ. ಶೆರರ್ ಅಳೆಯುವುದು ಒಡೆಯದೆ ಮುಂದುವರಿದ ಹರಳಿನ ತುಂಡನ್ನು. ಅದೂ ಸುಮಾರು 100 ನ್ಯಾನೋಮೀಟರ್ ದಾಟಿದರೆ ಯಂತ್ರದ್ದೇ ಅಗಲದಲ್ಲಿ ಕಳೆದುಹೋಗುತ್ತದೆ. ಟಿಇಎಂನಲ್ಲಿ ನಾವು ಕಣ ಎಣಿಸುತ್ತೇವೆ, ಚೆನ್ನಾಗಿ ಕಂಡದ್ದನ್ನೇ ಎಣಿಸುತ್ತೇವೆ. ಡಿಎಲ್‌ಎಸ್ ನೋಡುವುದು ಚೆದರಿದ ಬೆಳಕನ್ನು, ಅದು ವ್ಯಾಸದ ಆರನೇ ಘಾತಕ್ಕೆ ಏರುತ್ತದೆ. ಲೆಕ್ಕ ನೋಡಿ: 500 ನ್ಯಾನೋಮೀಟರ್‌ನ ಒಂದು ಧೂಳಿನ ಕಣ, 50 ನ್ಯಾನೋಮೀಟರ್‌ನ ಹತ್ತು ಲಕ್ಷ ಕಣಗಳಷ್ಟು ಬೆಳಕು ಚೆದರಿಸುತ್ತದೆ.

ಆದ್ದರಿಂದ ಡಿಎಲ್‌ಎಸ್ ದೊಡ್ಡ ಸಂಖ್ಯೆ ಕೊಟ್ಟರೆ ಕೂಡಲೇ ಬೇಸರ ಬೇಡ. ದ್ರಾವಣವನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ಅಳೆಯಿರಿ. ಗಾತ್ರ ಬದಲಾದರೆ ಮೊದಲಿನ ಸಾಂದ್ರತೆ ಜಾಸ್ತಿ ಇತ್ತು. ತೆಳು ಮಾಡುವ ನೀರಿನ ಪಿಎಚ್ 9ರಿಂದ 10 ಇರಲಿ. ಅಲ್ಲಿ ಕಣದ ಮೈಮೇಲೆ ಋಣ ಆವೇಶ ಚೆನ್ನಾಗಿರುತ್ತದೆ, ಅದರ ಅಳತೆಯಾದ ಝೀಟಾ ಪೊಟೆನ್ಶಿಯಲ್ ಮೈನಸ್ 30 ಮಿಲಿವೋಲ್ಟ್‌ಗಿಂತ ಕೆಳಗೆ ಇರುತ್ತದೆ. ಒಂದನ್ನೊಂದು ದೂಡುತ್ತವೆ, ಅಂಟುವುದಿಲ್ಲ. ಆಮ್ಲದ ಕಡೆಗೆ ಹೋದರೆ, ಇಲ್ಲವೇ ಉಪ್ಪು ಉಳಿದಿದ್ದರೆ, ಗುಂಪು ಕಟ್ಟುತ್ತವೆ.

ಇದರ ವಿರುದ್ಧ ದಿಕ್ಕಿನ ಮೋಸವೂ ಇದೆ. ಕೊಲಾಯ್ಡಲ್ ಸಿಲಿಕಾದಿಂದ ಶುರು ಮಾಡಿದ್ದೀರಿ, ಡಿಎಲ್‌ಎಸ್ ಅಚ್ಚುಕಟ್ಟಾಗಿ 20 ನ್ಯಾನೋಮೀಟರ್ ತೋರಿಸಿತು. ಸಂಭ್ರಮ ಬೇಡ. ನೀವು ಹಾಕಿದ ಸಿಲಿಕಾ ಕಣಗಳೇ ಆ ಗಾತ್ರದವು. ಡಿಎಲ್‌ಎಸ್‌ಗೆ ಹರಳು ಯಾವುದು, ಬರೀ ಸಿಲಿಕಾ ಯಾವುದು ಅಂತ ಗೊತ್ತಾಗುವುದಿಲ್ಲ. ಎಕ್ಸ್‌ಆರ್‌ಡಿ ಇಲ್ಲದ ಡಿಎಲ್‌ಎಸ್ ಫಲಿತಾಂಶವನ್ನು ನಾನಂತೂ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಲ್ಲೇ ಬರೆಯುತ್ತೇನೆ.

ತೊಳೆಯುವಾಗ ಮಾಲು ಮಾಯ

50 ನ್ಯಾನೋಮೀಟರ್ ಕಣವನ್ನು ನೀರಿನಲ್ಲಿ ಅದರ ಪಾಡಿಗೆ ಬಿಟ್ಟರೆ ದಿನಕ್ಕೆ ಹೆಚ್ಚುಕಡಿಮೆ 0.1 ಮಿಲಿಮೀಟರ್ ಇಳಿಯುತ್ತದೆ. ಗುರುತ್ವದ 4,000 ಪಟ್ಟು ಬಲದಲ್ಲಿ ತಿರುಗಿಸಿದರೂ 4 ಸೆಂಟಿಮೀಟರ್ ಇಳಿಯಲು ಎರಡೂವರೆ ಗಂಟೆ ಬೇಕು. 15,000 ಪಟ್ಟಾದರೆ ಸುಮಾರು 40 ನಿಮಿಷ. ಹತ್ತು ನಿಮಿಷ ತಿರುಗಿಸಿ ಮೇಲಿನ ತಿಳಿಯನ್ನು ಚೆಲ್ಲುವವರು ಒಳ್ಳೆಯ ಕಣಗಳನ್ನೇ ಸಿಂಕಿಗೆ ಕಳಿಸುತ್ತಾರೆ. ಉಳಿಯುವುದು ದೊಡ್ಡವು. ಆಮೇಲೆ "ಕಣ ದೊಡ್ಡದು ಬಂತು" ಅಂತ ದೂರು.

ಇಲ್ಲಿ ಇನ್ನೊಂದು ಗೊಂದಲ ಇದೆ. ಸೆಂಟ್ರಿಫ್ಯೂಜ್‌ನ ಗುಂಡಿಯ ಮೇಲಿರುವ 4,000 ನಿಮಿಷಕ್ಕೆ ಸುತ್ತು. ಗುರುತ್ವದ ಪಟ್ಟು ಅಲ್ಲ. 10 ಸೆಂಟಿಮೀಟರ್ ತ್ರಿಜ್ಯದ ರೋಟರ್‌ನಲ್ಲಿ 4,000 ಸುತ್ತು ಅಂದರೆ ಸುಮಾರು 1,800 ಪಟ್ಟು ಮಾತ್ರ. ಚೆಲ್ಲುವ ಮೊದಲು ಆ ತಿಳಿಯನ್ನು ಮತ್ತೆ ಕಪ್ಪು ಕಾಗದದ ಮುಂದೆ ಹಿಡಿಯಿರಿ. ನೀಲಿ ಕಂಡರೆ ಚೆಲ್ಲಬೇಡಿ, ಇನ್ನೊಂದು ಸಲ ತಿರುಗಿಸಿ. ತೊಳೆಯುವುದನ್ನು ಪಿಎಚ್ 8 ಅಥವಾ 9ಕ್ಕೆ ನಿಲ್ಲಿಸಿ.

ಒಣಗಿತು, ಕಲ್ಲಾಯಿತು

ನನ್ನ ಹದಿನೈದು ದಿನ ಹೋದದ್ದು ಇಲ್ಲೇ. ನೀರು ಆವಿಯಾಗುತ್ತಾ ಹೋದಂತೆ ಕಣಗಳನ್ನು ಒಂದರ ಹತ್ತಿರ ಒಂದು ಎಳೆದು ತರುತ್ತದೆ. ಮೈಮೇಲಿನ ಸಿಲನಾಲ್ (ಸಿಲಿಕಾನ್-ಓಎಚ್) ಗುಂಪುಗಳು ಒಂದಕ್ಕೊಂದು ತಾಗಿ ನೀರು ಬಿಟ್ಟು ಬೆಸೆದುಕೊಳ್ಳುತ್ತವೆ. ಒಮ್ಮೆ ಬೆಸೆದರೆ ಅಲ್ಟ್ರಾಸೌಂಡ್ ಬಾತ್‌ನಲ್ಲಿ ಗಂಟೆಗಟ್ಟಲೆ ಇಟ್ಟರೂ ಪೂರ್ತಿ ಬಿಡುವುದಿಲ್ಲ. ಓವನ್‌ನಿಂದ ತೆಗೆದ ನನ್ನ ಬಿಲ್ಲೆ ಅರೆಪಾರದರ್ಶಕವಾಗಿತ್ತು, ಅಂಚಿನಲ್ಲಿ ಗಾಜಿನ ಚೂರಿನ ಹಾಗೆ ಹೊಳೆಯುತ್ತಿತ್ತು, ಚಮಚದಿಂದ ಒತ್ತಿದರೆ ಟಕ್ ಅಂತ ಸೀಳಿತು. ಆಗ ಅದನ್ನು ನೋಡಿ ಖುಷಿಪಟ್ಟಿದ್ದೆ! ಕಣಗಳು ಚಿಕ್ಕವಿದ್ದು ಒತ್ತಾಗಿ ಕೂತರೇ ಹಾಗೆ ಕಾಣುವುದು. ಅಂದರೆ ಉತ್ತರ ನನ್ನ ಕೈಯಲ್ಲೇ ಇತ್ತು.

ಕೆಲಸಕ್ಕೆ ಪುಡಿಯೇ ಬೇಕಿಲ್ಲದಿದ್ದರೆ ಒಣಗಿಸಲೇಬೇಡಿ, ದ್ರಾವಣವಾಗಿಯೇ ಇಡಿ. ಪುಡಿ ಬೇಕೇ ಬೇಕಾದರೆ ಫ್ರೀಜ್ ಡ್ರೈ ಮಾಡಿ. ಉಂಡೆ ಆಗುತ್ತದೆ, ಆದರೆ ಸಡಿಲ ಉಂಡೆ. ಸುಡುವಾಗ ನಿಮಿಷಕ್ಕೆ 1 ಡಿಗ್ರಿಯಂತೆ 550ಕ್ಕೆ ಏರಿಸಿ, ಗಾಳಿ ಹರಿಯುತ್ತಿರಲಿ. ಪುಡಿ ಬೂದು ಅಥವಾ ಕಂದು ಆಗಿ ಹೊರಬಂದರೆ ಟೆಂಪ್ಲೇಟ್ ಸುಡುವ ಬದಲು ಇದ್ದಿಲಾಗಿದೆ. ದಪ್ಪ ಪದರ ಹಾಕಿದ್ದೀರಿ, ಇಲ್ಲವೇ ಗಾಳಿ ಸಾಲದು. ತೆಳುವಾಗಿ ಹರಡಿ ಇನ್ನೊಮ್ಮೆ ಸುಡಿ.

ನೈಟ್ರೋಜನ್ ಅಳತೆ ಕಡಿಮೆ ಬಂತು

ಪುಡಿ ಎಷ್ಟು ನೈಟ್ರೋಜನ್ ಹೀರುತ್ತದೆ ಅಂತ ಅಳೆದು ರಂಧ್ರ, ಮೇಲ್ಮೈಗಳ ಲೆಕ್ಕ ಹಾಕುತ್ತೇವೆ. ಅದು ಕಡಿಮೆ ಬಂದರೆ ಮೊದಲ ಪ್ರಶ್ನೆ: ಯಾವ ಜಿಯೋಲೈಟ್? ಸೋಡಿಯಂ ರೂಪದ ಜಿಯೋಲೈಟ್ ಎ ಆದರೆ ಮಾದರಿಯಲ್ಲಿ ದೋಷವೇ ಇಲ್ಲದಿರಬಹುದು. 77 ಕೆಲ್ವಿನ್‌ನಲ್ಲಿ ನೈಟ್ರೋಜನ್ ಅದರ ಬಾಗಿಲಲ್ಲಿ ತೂರುವುದಿಲ್ಲ, ಸೋಡಿಯಂ ಅಡ್ಡ ನಿಂತಿರುತ್ತದೆ. ಯಂತ್ರ ಹೊರಮೈ ಅಷ್ಟನ್ನೇ ಅಳೆಯುತ್ತದೆ. 273 ಕೆಲ್ವಿನ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಬಳಸಿ, ಇಲ್ಲವೇ ಸೋಡಿಯಂ ಬದಲು ಕ್ಯಾಲ್ಸಿಯಂ ಕೂರಿಸಿ ಅಳೆಯಿರಿ. ಇದು ತಿಳಿಯದೆ ಒಳ್ಳೆಯ ಮಾದರಿಯನ್ನು ಎಸೆದವರಿದ್ದಾರೆ.

ಬೇರೆ ಜಿಯೋಲೈಟ್ ಆದರೆ ಡೀಗ್ಯಾಸ್, ಅಂದರೆ ಅಳೆಯುವ ಮುಂಚೆ ರಂಧ್ರಗಳನ್ನು ಖಾಲಿ ಮಾಡಿದ್ದು, ಸರಿಯಿದೆಯಾ ನೋಡಿ. 300ರಿಂದ 350 ಡಿಗ್ರಿಯಲ್ಲಿ ರಾತ್ರಿಯಿಡೀ ನಿರ್ವಾತ ಬೇಕು. ಆದರೆ ಒಮ್ಮೆಲೇ ಏರಿಸಬೇಡಿ. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಡ್ ಈ ಖನಿಜವನ್ನು ಬಿಸಿ ಮಾಡಿದಾಗ ಅದು ನೊರೆಯುಕ್ಕಿ ಕುದಿಯಿತು, ಅದಕ್ಕೇ ಗ್ರೀಕಿನಲ್ಲಿ "ಕುದಿಯುವ ಕಲ್ಲು" ಅನ್ನುವ ಅರ್ಥದ ಹೆಸರು ಇಟ್ಟ. ನಿಮ್ಮ ಟ್ಯೂಬಿನಲ್ಲೂ ಅದೇ ಆಗುತ್ತದೆ. ನೀರು ರಭಸದಿಂದ ಹೊರಟು ನಯವಾದ ಪುಡಿಯನ್ನು ಹೊತ್ತುಕೊಂಡು ಯಂತ್ರದ ಬಾಯಿಗೇ ಹೋಗುತ್ತದೆ. 100 ಡಿಗ್ರಿಯ ಹತ್ತಿರ ಒಂದು ಗಂಟೆ ನಿಲ್ಲಿಸಿ ಮುಂದೆ ಹೋಗಿ. ಡೀಗ್ಯಾಸ್ ಆದ ಮೇಲಿನ ತೂಕವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಸಂಖ್ಯೆ ಬಂದ ಮೇಲೂ ಎಚ್ಚರ. ಮೇಲ್ಮೈ ವಿಸ್ತೀರ್ಣದ ಬಿಇಟಿ ಲೆಕ್ಕಕ್ಕೆ ರೂಢಿಯ 0.05ರಿಂದ 0.3ರ ಸಾಪೇಕ್ಷ ಒತ್ತಡ ಇಲ್ಲಿ ನಡೆಯದು, ರಂಧ್ರಗಳು ಅದಕ್ಕೂ ಮೊದಲೇ ತುಂಬಿರುತ್ತವೆ. ಆ ಲೆಕ್ಕದ ಸಿ ಸ್ಥಿರಾಂಕ ಋಣವಾಗಿ ಬಂದರೆ ತಪ್ಪು ವ್ಯಾಪ್ತಿ ಆರಿಸಿದ್ದೀರಿ. ನಾನು ನೋಡುವುದು ಟಿ-ಪ್ಲಾಟ್‌ನ (ರಂಧ್ರದ ಪಾಲು, ಹೊರಮೈಯ ಪಾಲು ಬೇರೆ ಮಾಡುವ ಲೆಕ್ಕ) ಸೂಕ್ಷ್ಮರಂಧ್ರಗಳ ಒಟ್ಟು ಘನಗಾತ್ರ. ಸಿಲಿಕಲೈಟ್‌ಗೆ ಗ್ರಾಮಿಗೆ 0.18 ಘನ ಸೆಂಟಿಮೀಟರ್ ಆಸುಪಾಸು, ಸೋಡಿಯಂ ರೂಪದ ಜಿಯೋಲೈಟ್ ವೈಗೆ 0.3ರ ಮೇಲೆ. ಇದು ಸರಿಯಿದ್ದರೆ ಹರಳು ಸರಿಯಿದೆ. ಅದೇ ಪ್ಲಾಟಿನ ಹೊರಮೈ ವಿಸ್ತೀರ್ಣದಿಂದ ಗಾತ್ರವನ್ನೂ ಪರೀಕ್ಷಿಸಬಹುದು. ಸಾಂದ್ರತೆ 1.8 ಹಿಡಿದರೆ 50 ನ್ಯಾನೋಮೀಟರ್ ಗೋಲಕ್ಕೆ ಗ್ರಾಮಿಗೆ 67 ಚದರ ಮೀಟರ್, 100ಕ್ಕೆ ಅದರ ಅರ್ಧ. ನಿಮಗೆ 10 ಬಂದರೆ ಕಣಗಳು ಬೆಸೆದುಕೊಂಡಿವೆ.

ಸಿಲಿಕಾ ಜಾಸ್ತಿ ಇರುವ ಎಂಎಫ್‌ಐನಲ್ಲಿ ಸಾಪೇಕ್ಷ ಒತ್ತಡ 0.1ರಿಂದ 0.2ರ ನಡುವೆ ಒಂದು ಚಿಕ್ಕ ಮೆಟ್ಟಿಲು ಕಾಣುತ್ತದೆ. ಅದು ರಂಧ್ರದೊಳಗಿನ ನೈಟ್ರೋಜನ್ ಜೋಡಣೆ ಬದಲಿಸುವ ಗುರುತು. 0.42ರ ಹತ್ತಿರ, ನೈಟ್ರೋಜನ್ ಹೊರಬರುವಾಗ ಹಿಂದಿರುಗುವ ಗೆರೆ ಥಟ್ಟನೆ ಬಿದ್ದರೆ ಸಾಫ್ಟ್‌ವೇರ್ ಅದನ್ನು 3.8 ನ್ಯಾನೋಮೀಟರ್ ರಂಧ್ರ ಅಂತ ತೋರಿಸುತ್ತದೆ. ಎರಡನ್ನೂ ನಿಜವಾದ ಮೆಸೋರಂಧ್ರ (ಸೂಕ್ಷ್ಮರಂಧ್ರಕ್ಕಿಂತ ದೊಡ್ಡದು) ಅಂತ ಬರೆಯಬೇಡಿ.

ಟಿಇಎಂ ಬಗ್ಗೆ ಒಂದೇ ಮಾತು. ಹರಳಿನ ಗೆರೆಗಳು ನೋಡುತ್ತಿದ್ದಂತೆಯೇ ಅಳಿಸಿಹೋದರೆ ಅದು ಎಲೆಕ್ಟ್ರಾನ್ ಕಿರಣದ ಪೆಟ್ಟು. ಫೋಕಸನ್ನು ಪಕ್ಕದ ಜಾಗದಲ್ಲಿ ಸರಿಮಾಡಿ, ಹೊಸ ಕಣಕ್ಕೆ ಸರಿದು ಕೂಡಲೇ ಚಿತ್ರ ತೆಗೆಯಿರಿ.

ನಿನ್ನೆ ಬಂತು, ಇವತ್ತು ಬರುತ್ತಿಲ್ಲ

ಇದು ಎಲ್ಲಕ್ಕಿಂತ ತಲೆನೋವಿನದು. ಮೊದಲು ಟಿಪಿಎಓಎಚ್ ಬಾಟಲಿಯ ಲಾಟ್ ನಂಬರ್ ನೋಡಿ. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಸ್ವಲ್ಪ ಜಾಸ್ತಿಯಾದರೂ ಕಣ ದೊಡ್ಡದಾಗುತ್ತದೆ, ಗುಂಪು ಕಟ್ಟುತ್ತದೆ. ಲಾಟ್ ಒಂದೇ ಆಗಿದ್ದರೆ ಟೆಫ್ಲಾನ್ ಲೈನರ್ (ದ್ರಾವಣ ಬೇಯುವ ಪಾತ್ರೆಯ ಒಳಕವಚ) ಕಡೆ ತಿರುಗಿ. ಅದರ ಗೀರುಗಳಲ್ಲಿ ಹಿಂದಿನ ಬ್ಯಾಚಿನ ಹರಳು ಅಡಗಿರುತ್ತದೆ, ಹೊಸ ಬ್ಯಾಚಿಗೆ ಬೀಜವಾಗುತ್ತದೆ. ಸಾಬೂನು ಹಚ್ಚಿ ಉಜ್ಜಿದರೆ ಹೋಗುವುದಿಲ್ಲ. ಕಾಸ್ಟಿಕ್ ಸೋಡಾ ದ್ರಾವಣ ತುಂಬಿ, ಮುಕ್ಕಾಲಿಗಿಂತ ಮೇಲೆ ತುಂಬದೆ, ಓವನ್‌ನಲ್ಲಿ ಒಂದು ರಾತ್ರಿ ಇಡಬೇಕು. ಹೈಡ್ರೋಫ್ಲೋರಿಕ್ ಆಮ್ಲವೂ ಕೆಲಸ ಮಾಡುತ್ತದೆ, ಆದರೆ ಅದರ ಅಪಾಯಕ್ಕೆ ತರಬೇತಿ ಇಲ್ಲದವರು ಕೈಹಾಕಬಾರದು.

ಲೈನರ್‌ಗಳಿಗೆ ನಂಬರ್ ಕೆತ್ತಿ, ಪ್ರತಿ ಬ್ಯಾಚಿನ ಪಕ್ಕ ಆ ನಂಬರ್ ಬರೆಯಿರಿ. ನಮ್ಮಲ್ಲಿ ಎರಡು ತಿಂಗಳ ನೋಟ್‌ಬುಕ್ ತಿರುವಿ ಹಾಕಿದಾಗ ಡಿಎಲ್‌ಎಸ್‌ನಲ್ಲಿ ಎರಡು ಪೀಕ್ ಬಂದ ಬ್ಯಾಚುಗಳೆಲ್ಲ 3ನೇ ನಂಬರಿನಲ್ಲಿ ಬೆಂದವು ಅಂತ ತಿಳಿಯಿತು. ಒಂದೇ ದ್ರಾವಣವನ್ನು 3ಕ್ಕೂ 5ಕ್ಕೂ ಹಂಚಿ ಒಟ್ಟಿಗೆ ಓವನ್‌ಗೆ ಇಟ್ಟೆವು. 5ರಲ್ಲಿ ಒಂದೇ ಪೀಕ್, 3ರಲ್ಲಿ ಎರಡು. ಟಾರ್ಚ್ ಹಾಕಿ ನೋಡಿದರೆ 3ರ ತಳದಲ್ಲಿ ಯಾರೋ ಸ್ಪಾಟುಲಾದಿಂದ ಕೆರೆದ ಉದ್ದನೆಯ ಗೀರು ಇತ್ತು.